ಕೆಂಪು ಗುಂಡಿಗೆ ಹುಣಸೆಹಣ್ಣು

ಹೊಳಬಸಪ್ಪನವರ ಕಾರಿಗೆ ಒಂದು ತಿಂಗಳಿನಿಂದ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ಅಂದರೆ, ಕಾರು ಎರಡೂ ಕಡೆ ತಿರುಗುತ್ತಿತ್ತು. ತಿರುಗುವ ಸಮಾಚಾರವನ್ನು ಹಿಂದೆ ಬರುವವರಿಗೆ ತಿಳಿಸಬೇಕಾದ ಹಳದಿ ದೀಪಗಳು ಮಾತ್ರ ಮೌನವ್ರತ ಹಿಡಿದಿದ್ದವು. ಪುಣೆಯಲ್ಲಿ ಇದನ್ನು ಒಂದು ಕೊರತೆಯೆಂದು ಯಾರೂ ಎಣಿಸುವುದಿಲ್ಲ (ದೀಪ ಹಾಕಿ ತಿರುಗುವವನನ್ನೇ ಅಲ್ಲಿ ಅನುಮಾನದಿಂದ ನೋಡುತ್ತಾರೆ). ಆದರೆ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದ ಹೊಳಬಸಪ್ಪನವರಿಗೆ ಮುಂಚಿತವಾಗಿ ತಿಳಿಸದೆ ಯಾವ ಕೆಲಸ ಮಾಡಿಯೂ ರೂಢಿಯಿರಲಿಲ್ಲ. ಹೀಗಾಗಿ ಅವರು ಕಾತ್ರಜದ ಜಿಟಿಜಿಟಿ ಮಳೆಯಲ್ಲಿ ಗಾಜು ಇಳಿಸಿ, ಬಲಗೈ ಹೊರಗೆ ಚಾಚಿ, ಹೆಗಲಿನವರೆಗೂ ತೋಯಿಸಿಕೊಂಡು ತಿರುಗುತ್ತಿದ್ದರು. ಎಡಕ್ಕೆ ತಿರುಗುವಾಗ ಪಕ್ಕದಲ್ಲಿ ಕೂತ ಹೆಂಡತಿ ಪ್ರೇಮಾವತಿ ಕೈ ಚಾಚಬೇಕು. ಆಕೆ ಮೂರು ದಿನ ಚಾಚಿದಳು. ನಾಲ್ಕನೆಯ ದಿನ ಒಬ್ಬ ರಿಕ್ಷಾದವನು ತನ್ನನ್ನೇ ಕರೆದರೆಂದು ತಿಳಿದು ಪಕ್ಕಕ್ಕೆ ಬಂದು ನಿಂತು, "ಕುಠೇ ಜಾಯಚಂ, ಮಾವಶೀ?" ಎಲ್ಲಿಗೆ ಹೋಗಬೇಕು ಚಿಕ್ಕಮ್ಮ, ಎಂದು ಕೇಳಿದ. ಅವತ್ತಿನಿಂದ ಆಕೆ ರಿಕ್ಷಾದಲ್ಲೇ ಓಡಾಡತೊಡಗಿದಳು.

ಕಾರು ಎಂಬತ್ತಾರನೆಯ ಇಸವಿಯದು. ಈ ಸಂಗತಿ ನಡೆದ ಎರಡು ಸಾವಿರದ ಎರಡರ ಹೊತ್ತಿಗೆ ಅದರ ಬಣ್ಣ ಯಾವುದೆಂದು ಕಾಗದಪತ್ರ ನೋಡಿಯೇ ಹೇಳಬೇಕಾಗಿತ್ತು. ಕಚೇರಿಯ ಸಾಹೇಬರೊಬ್ಬರು ಆರು ವರ್ಷದ ಹಿಂದೆ ನಾಗಪುರಕ್ಕೆ ವರ್ಗವಾಗಿ ಹೋಗುವಾಗ ಅದನ್ನು ಹೊಳಬಸಪ್ಪನವರಿಗೆ ದಾಟಿಸಿದ್ದರು. ಸಾಹೇಬರ ಮುಖದಲ್ಲಿ ಅವತ್ತು ಕಂಡ ಸಂತೋಷ ವರ್ಗಾವಣೆಯದಲ್ಲ ಎಂದು ಪ್ರೇಮಾವತಿಯ ವಾದ. ಆದರೆ ಹೊಳಬಸಪ್ಪನವರಿಗೆ ಆ ಕಾರೆಂದರೆ ಪ್ರಾಣ. ಕಾರಣ ಸ್ವಲ್ಪ ದುಃಖದ್ದು. ಕಚೇರಿಯಲ್ಲಿ ಅವರು ಬರೆದ ಪ್ರತಿ ಹಾಳೆಯ ಕೆಳಗೆ ಬೇರೆಯವರ ಸಹಿ ಬೀಳಬೇಕು. ಮನೆಯಲ್ಲಿ ನಾಷ್ಟಾ ಏನು, ಟಿವಿಯಲ್ಲಿ ಯಾವ ಚಾನೆಲ್ಲು, ಫ್ಯಾನು ಎರಡರಲ್ಲೋ ಮೂರರಲ್ಲೋ ಎಂಬುದೆಲ್ಲ ಅವರ ಗಮನಕ್ಕೆ ಬರುವ ಮೊದಲೇ ಇತ್ಯರ್ಥವಾಗಿರುತ್ತಿತ್ತು. ಸ್ಟೇರಿಂಗ್ ಹಿಡಿದು ಕೂತಾಗ ಮಾತ್ರ ಎಲ್ಲಿಗೆ ಹೋಗುವುದು, ಯಾವಾಗ ನಿಲ್ಲುವುದು ಎಂಬುದು ಅವರೊಬ್ಬರ ಕೈಯಲ್ಲಿ. ಐವತ್ನಾಲ್ಕು ವರ್ಷದ ಬಾಳಿನಲ್ಲಿ ಅವರಿಗೆ ಸಿಕ್ಕ ಸ್ವಾತಂತ್ರ್ಯ ಅಷ್ಟೇ. ಇದನ್ನು ಅವರು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಪ್ರೇಮಾವತಿ ರೊಟ್ಟಿ ಬಡಿಸುತ್ತ ಆ ಪ್ರಾಣಕ್ಕೇ ಕೈ ಹಾಕಿದಳು.

"ಗುರುವಾರ ನಮ್ಮ ಶೀತಲ್‌ಂದು ಕುಬಸ ಅದ. ನೆನಪದ ಇಲ್ಲೋ?"

ಶೀತಲ್ ಎಂದರೆ ಊರಿನ ಇನ್ನೊಂದು ತುದಿಯ ವಾಕಡದಲ್ಲಿರುವ ಪ್ರೇಮಾವತಿಯ ತಂಗಿ ಇಂದೂಳ ಮಗಳು. ಏಳು ತಿಂಗಳ ಬಸುರಿ. ಕುಬಸದ ದಿನ ಬಸುರಿಗೆ ಬುತ್ತಿ ಕಟ್ಟಿಕೊಂಡು ಹೋಗುವ ಅಧಿಕಾರ ದೊಡ್ಡವ್ವನದು, ಮತ್ತು ಆ ಅಧಿಕಾರವನ್ನು ಪ್ರೇಮಾವತಿ ಶೀತಲ್‌ಳ ಮದುವೆಯ ಮಾರನೆಯ ದಿನದಿಂದಲೇ ಕಾಯ್ದಿರಿಸಿದ್ದಳು.

"ನೆನಪದ," ಎಂದರು ಹೊಳಬಸಪ್ಪನವರು.

"ಹನ್ನೊಂದೂವರಿಗೆ ಆರತಿ. ಅಷ್ಟರಾಗ ಬುತ್ತಿ ಮುಟ್ಟಬೇಕು. ಕಾತ್ರಜದಿಂದ ವಾಕಡದ ತನಕಾ ನಾ ಕೈ ಹೊರಗ ಹಾಕ್ಕೊಂಡು ಬರಾಕಿ ಅಲ್ಲ. ಆ ದೀಪ ಮಾಡಸ್ರಿ. ಬುತ್ತಿ ಹೊತ್ತಿಗೆ ಸರಿಯಾಗಿ ಮುಟ್ಟಿತೋ, ಗಾಡಿ ಮನಿಯಾಗ ಇರ್ತದ. ಮುಟ್ಟಲಿಲ್ಲೋ, ಶುಕ್ರವಾರ ಮುಂಜಾನೆ ಭಂಗಾರದವ ಬರ್ತಾನ."

"ಯಾವ ಭಂಗಾರದವ?"

"ಹಳೇ ಪೇಪರ್, ಗುಜರಿ ಸಾಮಾನು ಒಯ್ಯಾಂವ. ಮಾತಾಡಿ ಇಟ್ಟೀನಿ. ಗಾಡಿ ಬಾಗಲಾ ಬಡದು ನೋಡಿ 'ಲೋಖಂಡ ಚಾಂಗಲಂ ಆಹೇ' ಅಂದ."

ಕಬ್ಬಿಣ ಒಳ್ಳೆಯದಿದೆ! ಆರು ವರ್ಷದಲ್ಲಿ ಆ ಕಾರಿನ ಬಗ್ಗೆ ಒಳ್ಳೆಯ ಮಾತಾಡಿದ ಮೊದಲ ಮನುಷ್ಯ ಅದನ್ನು ತೂಕಕ್ಕೆ ಹಾಕಲು ಬಂದವನಾಗಿದ್ದ.

ಮರುದಿನ ಅರ್ಧ ದಿನ ರಜೆ ಬರೆದುಕೊಟ್ಟು ಅವರು ಮೂಲೆಯ ಢಮಾಲೆ ಮಿಸ್ತ್ರಿಯ ಬಳಿ ಹೋದರು. ಢಮಾಲೆ ಮೋಟಾರು ಗಾಡಿಗಳ ವಾಯರಿನ ಕೆಲಸದವನು. ಮನುಷ್ಯರೊಡನೆ ಮಾತು ಕಡಿಮೆ. ಅವನು ಎಡ ಬಲದ ದೀಪಗಳನ್ನು ಮುಟ್ಟಿಯೂ ನೋಡಲಿಲ್ಲ. ಸೀದಾ ಸ್ಟೇರಿಂಗಿನ ಬುಡದಲ್ಲಿದ್ದ ಕೆಂಪು ತ್ರಿಕೋನದ ಗುಂಡಿಗೆ ಬೆರಳು ಊರಿದ. ಅದು ಹಜಾರ್ಡ್ ಸ್ವಿಚ್ಚು. ಅಪಾಯದ ಹೊತ್ತಿನಲ್ಲಿ ಒತ್ತಿದರೆ ನಾಲ್ಕೂ ಮೂಲೆಯ ದೀಪ ಒಟ್ಟಿಗೆ ಮಿನುಗುತ್ತವೆ. ಹೊಳಬಸಪ್ಪನವರು ಅದನ್ನು ಆರು ವರ್ಷದಲ್ಲಿ ಒಮ್ಮೆಯೂ ಒತ್ತಿರಲಿಲ್ಲ. ಎಡಬಲದ ದೀಪಗಳಿಗೆ ಹೋಗುವ ಕರೆಂಟು ಕೂಡ ಈ ಗುಂಡಿಯ ಹೊಟ್ಟೆಯಿಂದಲೇ ಹಾದುಹೋಗುತ್ತದೆ, ಇದು ಕೆಟ್ಟರೆ ಅವೂ ಕೆಟ್ಟಂತೆ, ಎಂದು ಢಮಾಲೆ ತಿಳಿಸಿದ.

ಬರೀ ತಿರುಗುವ ಮಾತು ಅಪಾಯದ ಗುಂಡಿಯ ಮೂಲಕ ಯಾಕೆ ಹೋಗಬೇಕು? ಹೊಳಬಸಪ್ಪನವರು ಇದನ್ನು ಬಹಳ ಹೊತ್ತು ಯೋಚಿಸಿದರು. ಆಮೇಲೆ, ತಮ್ಮ ಮಗಳು ರೇಣುಗೆ ಏನು ಹೇಳಬೇಕಾದರೂ ಅದು ಪ್ರೇಮಾವತಿಯ ಮೂಲಕವೇ ಹೋಗುವುದು ನೆನಪಾಗಿ, ವ್ಯವಸ್ಥೆ ತಿಳಿಯಿತು.

ಢಮಾಲೆ ಸ್ವಿಚ್ಚನ್ನು ಕಳಚಿ ಬಿಚ್ಚಿ ತೋರಿಸಿದ. ಒಳಗೆ ಕಿರುಬೆರಳಿನ ಉಗುರಿನಷ್ಟು ಅಗಲದ ಹಿತ್ತಾಳೆಯ ತುಂಡುಗಳು, ಹದಿನಾರು ವರ್ಷದ ಹೊಗೆ ಕುಡಿದಂತೆ ಕರ್ರಗಾಗಿದ್ದವು. ಹೊಸ ಸ್ವಿಚ್ಚು ಈಗ ಬರುವುದಿಲ್ಲ. ತೊಳೆಯುವ ಸ್ಪ್ರೇ ತೀರಿದೆ, ಶುಕ್ರವಾರ ಬನ್ನಿ, ಮಾಡಿಕೊಡುತ್ತೇನೆ ಎಂದ. ಶುಕ್ರವಾರ! ಹೊಳಬಸಪ್ಪನವರು ಸ್ವಿಚ್ಚನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಸತ್ತವರ ಮನೆಯಿಂದ ಬಂದವರಂತೆ ತಲೆ ತಗ್ಗಿಸಿ ಮನೆಗೆ ನಡೆದರು.

ಬಾಗಿಲ ಬಳಿ ಚಪ್ಪಲಿ ಬಿಡುವಾಗ ಅವರಿಗೆ ಬೆಳಕು ಕಂಡಿತು. ಹಿತ್ತಾಳೆ ತಾನೆ? ಹಿತ್ತಾಳೆ ಕಪ್ಪಾಗುವುದು, ಅದನ್ನು ಬೆಳಗುವುದು, ಇದೆಲ್ಲ ಮಿಸ್ತ್ರಿಗಳ ವಿದ್ಯೆಯೇ ಅಲ್ಲ. ಇಪ್ಪತ್ತೇಳು ವರ್ಷದಿಂದ ಪ್ರತಿ ಸೋಮವಾರ ಪ್ರೇಮಾವತಿ ದೇವರ ಜಗಲಿಯ ದೀಪದ ಸಮೆ, ಗಂಟೆ, ಆರತಿ ತಟ್ಟೆಗಳನ್ನು ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ, ಮುಖ ಕಾಣುವಂತೆ ಮಾಡುತ್ತಿರಲಿಲ್ಲವೇ? ದೇವರಿಗೆ ಸಾಲುವ ವಿದ್ಯೆ ಒಂದು ಸ್ವಿಚ್ಚಿಗೆ ಸಾಲದೇ?

ಅಡುಗೆಮನೆಯಲ್ಲಿ ಬುತ್ತಿಯ ಕರ್ಚಿಕಾಯಿ ಎಣ್ಣೆಯಲ್ಲಿ ತೇಲುತ್ತಿತ್ತು. ಅವರು ಸದ್ದಿಲ್ಲದೆ ಒಂದು ಲಿಂಬೆಯಷ್ಟು ಹುಣಸೆಹಣ್ಣು ಎತ್ತಿಕೊಂಡರು. ಸದ್ದಿಲ್ಲದೆ ಎಂದು ಅವರು ತಿಳಿದಿದ್ದರು.

"ಹುಣಸಿಹಣ್ಣು ಯಾಕ ಬೇಕಾಗಿತ್ರಿ?" ಪ್ರೇಮಾವತಿ ತಿರುಗದೇ ಕೇಳಿದಳು.

"ಸ್ವಿಚ್ ಬೆಳಗಲಿಕ್ಕೆ."

ಪ್ರೇಮಾವತಿ ಎಣ್ಣೆಯಲ್ಲಿದ್ದ ಕರ್ಚಿಕಾಯಿಯನ್ನು ಮಗುಚಿ ಹಾಕಿದಳು.

"ಬೆಳಗ್ರಿ. ಆದ್ರ ಆಮ್ಯಾಲೆ ಚಲೋತ್ನಂಗ ನೀರಾಗ ತೊಳೀರಿ. ಹುಳಿ ಉಳದ್ರ ಅಂಟಂಟ ಆಗ್ತದ. ನಾರು ಸುದ್ದಾ ಸಿಕ್ಕೋತಾವ."

ಹೊಳಬಸಪ್ಪನವರು ಕರುಣೆಯಿಂದ ನಕ್ಕರು. "ಪ್ರೇಮಾ, ಇದು ಆರತಿ ತಟ್ಟಿ ಅಲ್ಲ. ಕರೆಂಟಿನ ಸಾಮಾನು. ಇದಕ್ಕ ನೀರು ತಾಗಸಬಾರದು."

(ಹುಣಸೆಹಣ್ಣಿನ ರಸದಲ್ಲಿ ಇರುವುದು ಮತ್ತೇನು ಎಂದು ಕೇಳುವಷ್ಟು ಪುರುಸೊತ್ತು ಅವತ್ತು ಪ್ರೇಮಾವತಿಗೆ ಇರಲಿಲ್ಲ. ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.)

ಬಾಲ್ಕನಿಯಲ್ಲಿ ಕೂತು ಅವರು ಒಂದು ತಾಸು ತಿಕ್ಕಿದರು. ಹಿತ್ತಾಳೆ ಬಂಗಾರದಂತಾಯಿತು. ಹಳೆಯ ಧೋತರದ ತುಂಡಿನಿಂದ ಒರೆಸಿ, ನೀರಿನ ಒಂದು ಹನಿಯೂ ಸೋಕದಂತೆ ಮುಚ್ಚಿ, ಬುಧವಾರ ಸಂಜೆ ತಾವೇ ಕಾರಿಗೆ ಕೂರಿಸಿದರು. ಎಡದ ದೀಪ ಹತ್ತಿ ಆರಿತು; ಬಲದ್ದೂ ಹತ್ತಿ ಆರಿತು. ಟಕ್, ಟಕ್, ಟಕ್. ಆ ಸದ್ದು ಕೇಳುತ್ತ ಅವರು ಪಾರ್ಕಿಂಗಿನ ಮಂಕು ಬೆಳಕಿನಲ್ಲಿ ಅರ್ಧ ತಾಸು ಒಬ್ಬರೇ ಕೂತಿದ್ದರು. ಬಹಳ ದಿನದ ಮೇಲೆ ಅವರ ಎದೆ ಹಗುರವಾಗಿತ್ತು.

ಗುರುವಾರ ಒಂಬತ್ತೂವರೆಗೆ ಹೊರಟರು. ಹಿಂದಿನ ಸೀಟಿನ ತುಂಬ ಬುತ್ತಿ: ಶೇಂಗಾ ಹೋಳಿಗೆ, ಕರ್ಚಿಕಾಯಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಐದು ತರದ ಚಟ್ನಿ, ಒಂದು ಕೊಳಗ ಮೊಸರನ್ನ. ಮುಂದೆ ಇಳಕಲ್ ಸೀರೆಯುಟ್ಟ ಪ್ರೇಮಾವತಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು. ಕಾತ್ರಜದ ತಿರುವಿನಲ್ಲಿ ದೀಪ ಮಿನುಗಿತು, ಧನಕವಡಿಯಲ್ಲಿ ಮಿನುಗಿತು. ಮಳೆ ಬೀಳುತ್ತಲೇ ಇತ್ತು, ಆದರೆ ಹೊಳಬಸಪ್ಪನವರ ತೋಳು ಒಣಗಿತ್ತು.

"ಚಲೋ ಆತು ಬಿಡ್ರಿ," ಎಂದಳು ಪ್ರೇಮಾವತಿ.

ಇಪ್ಪತ್ತೇಳು ವರ್ಷದಲ್ಲಿ ಆಕೆ ಇಂಥ ಮಾತನ್ನು ಎಷ್ಟು ಸಲ ಆಡಿದ್ದಳೆಂದು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಹೊಳಬಸಪ್ಪನವರು ಹಿಗ್ಗಿದರು. ಅಲ್ಲಿಗೇ ಸುಮ್ಮನಿದ್ದರೆ ಬದುಕಿಕೊಳ್ಳುತ್ತಿದ್ದರು.

"ಇಷ್ಟ ಅಲ್ಲ. ಇನ್ನೊಂದು ಗಮ್ಮತ್ ತೋರಸ್ತೀನಿ ನೋಡು," ಎಂದು ಕೆಂಪು ಗುಂಡಿಯನ್ನು ಒತ್ತಿದರು.

ನಾಲ್ಕೂ ದೀಪ ಒಟ್ಟಿಗೆ ಮಿನುಗಿದವು. ಪ್ರೇಮಾವತಿ ಮೆಚ್ಚಿದಳು. ಆರಿಸಲೆಂದು ಮತ್ತೊಮ್ಮೆ ಒತ್ತಿದರು. ಗುಂಡಿ ಹೊರಗೆ ಬರಲಿಲ್ಲ. ಜೋರಾಗಿ ಒತ್ತಿದರು. ಉಗುರು ಹಾಕಿ ಎಳೆದರು. ಎರಡು ರಾತ್ರಿಯಲ್ಲಿ ಒಣಗಿದ ಹುಣಸೆಹಣ್ಣು ಅದನ್ನು ಒಳಗೆ ಹಿಡಿದು ಕೂತಿತ್ತು.

"ಏನಾತು?"

"ಏನಿಲ್ಲ."

"ಮತ್ತ್ಯಾಕ ಆರಸವೊಲ್ರಿ?"

"ಇರ್ಲಿ ತಗೋ. ಮಳಿ ಅದ."

"ತೊಳದಿರೇನ್ ಅದನ್ನ ನೀರಾಗ?"

ಹೊಳಬಸಪ್ಪನವರು ರಸ್ತೆಯನ್ನು ಬಹಳ ಎಚ್ಚರಿಕೆಯಿಂದ ನೋಡತೊಡಗಿದರು. ರಸ್ತೆಯಲ್ಲಿ ಆಗ ಒಂದು ವಿಚಿತ್ರ ನಡೆಯುತ್ತಿತ್ತು. ಮುಂದಿನ ರಿಕ್ಷಾ ಪಕ್ಕಕ್ಕೆ ಸರಿಯಿತು. ಹಾಲಿನ ಟೆಂಪೋ ಸರಿಯಿತು. ಯಾರಿಗೂ ಬಗ್ಗದ ಸಿಟಿ ಬಸ್ಸು ಕೂಡ ಎಡಕ್ಕೆ ವಾಲಿಕೊಂಡು ದಾರಿ ಬಿಟ್ಟಿತು. ಹಾಡುಹಗಲಲ್ಲಿ ನಾಲ್ಕೂ ದೀಪ ಮಿನುಗಿಸುತ್ತ ಧಾವಿಸುವ ಮನೆಯ ಕಾರಿಗೆ ಆ ರಸ್ತೆಯ ಜನ ಕೊಡುವ ಅರ್ಥ ಒಂದೇ: ಒಳಗೆ ಪೇಶಂಟ್ ಇದ್ದಾನೆ, ಆಸ್ಪತ್ರೆಗೆ ಹೊರಟಿದೆ. ಹೊಳಬಸಪ್ಪನವರಿಗೆ ಇದು ಹೊಳೆಯಲಿಲ್ಲ. ತಮ್ಮ ಕಾರಿಗೆ ಕೊನೆಗೂ ತಕ್ಕ ಮರ್ಯಾದೆ ಸಿಗುತ್ತಿದೆ ಎಂದುಕೊಂಡರು.

ಸ್ವಾರಗೇಟಿನ ಚೌಕದಲ್ಲಿ ಟ್ರಾಫಿಕ್ ಹವಾಲ್ದಾರ ಓಡಿಬಂದು ಬಾನೆಟ್ಟಿನ ಮೇಲೆ ಕೈ ಬಡಿದ.

"ಪೇಶಂಟ್ ಕುಠೇ ಆಹೇ?" ಪೇಶಂಟ್ ಎಲ್ಲಿ, ಎಂದ.

ಹೊಳಬಸಪ್ಪನವರಿಗೆ ಖಾಕಿ ಕಂಡರೆ ಮರಾಠಿ ಮರೆತುಹೋಗುತ್ತದೆ. ಹಣೆಯ ಮೇಲೆ ಬೆವರು ಬಂತು. ಲೈಸೆನ್ಸ್ ತೋರಿಸೋಣವೆಂದು ಅಂಗಿಯ ಎಡಜೇಬಿಗೆ ಕೈ ಹಾಕಿ ತಡಕಾಡಿದರು.

ಹವಾಲ್ದಾರ ನೋಡಿದ: ಬಿಳಚಿದ ಮುಖ, ಬೆವರು, ಎದೆ ಹಿಡಿದುಕೊಂಡ ಕೈ.

"ಅರೇ ದೇವಾ, ಪೇಶಂಟ್‌ಚ ಗಾಡೀ ಚಾಲವತೋಯ!" ಎಂದು ಕೂಗಿದ. ಪೇಶಂಟೇ ಗಾಡಿ ಓಡಿಸುತ್ತಿದ್ದಾನೆ! ಕೂಗಿಗೆ ಹತ್ತು ಜನ ಸೇರಿದರು. "ಛಾತೀತ ದುಖತಂಯ ಕಾ?" ಎದೆ ನೋಯುತ್ತಿದೆಯೇ, ಎಂದು ಪ್ರೇಮಾವತಿಯನ್ನು ಕೇಳಿದ.

ಆಕೆ ಗಡಿಯಾರ ನೋಡಿದಳು. ಹತ್ತೂ ಕಾಲು. ನಿಜ ಹೇಳಿದರೆ ದಂಡ, ವಿಚಾರಣೆ, ಹನ್ನೊಂದೂವರೆಯ ಆರತಿಗೆ ಎಳ್ಳುನೀರು. ಹೌದೆಂದರೆ ಚೌಕ ದಾಟಿಸಿ ಬಿಟ್ಟಾನು.

"ಹೋ," ಎಂದಳು ಪ್ರೇಮಾವತಿ.

ಮುಂದಿನದು ಕ್ಷಣದಲ್ಲಿ ಮುಗಿಯಿತು. ನಾಲ್ಕು ಜನ ಹೊಳಬಸಪ್ಪನವರನ್ನು ಸ್ಟೇರಿಂಗಿನಿಂದ ಬಿಡಿಸಿ, ಎತ್ತಿ, ಹಿಂದಿನ ಸೀಟಿನಲ್ಲಿ ಬುತ್ತಿಯ ಮೇಲೆ ಮಲಗಿಸಿದರು. ನಡುವಿನ ಕೆಳಗೆ ಕರ್ಚಿಕಾಯಿಗಳು ಪಟಪಟನೆ ಮುರಿದವು. ಯಾರೋ ಅಂಗಿಯ ಗುಂಡಿ ಬಿಚ್ಚಿದರು, ಇನ್ನಾರೋ ಮೂಗಿಗೆ ಈರುಳ್ಳಿ ಹಿಡಿದರು. ಬಿಳಿ ಮೀಸೆಯ ರಿಕ್ಷಾದವನೊಬ್ಬ ತನ್ನ ರಿಕ್ಷಾವನ್ನು ಅಲ್ಲೇ ಬಿಟ್ಟು ಸ್ಟೇರಿಂಗ್ ಹಿಡಿದ. ಹವಾಲ್ದಾರ ಸೀಟಿ ಊದುತ್ತ ದಾರಿ ಬಿಡಿಸಿದ.

"ಮಲಾ ಕಾಹೀ ಝಾಲಂ ನಾಹೀ," ನನಗೇನೂ ಆಗಿಲ್ಲ, ಎಂದು ಹೊಳಬಸಪ್ಪನವರು ಕೊನೆಗೂ ಮರಾಠಿ ನೆನಪಿಸಿಕೊಂಡು ಒರಲಿದರು.

ರಿಕ್ಷಾದವನು ಹಿಂತಿರುಗಿ ನೋಡದೆ ನಿಟ್ಟುಸಿರುಬಿಟ್ಟ. ತನ್ನ ಮಾವನೂ ಇದನ್ನೇ ಹೇಳಿದ್ದರು ಎಂದ. ಸ್ವಲ್ಪ ಹೊತ್ತಿನ ಮೇಲೆ, "ಗೇಲೇ," ಎಂದ. ಹೋದರು.

"ಪ್ರೇಮಾ, ಹೇಳ ಅವಗ!"

"ಸುಮ್ನ ಮಕ್ಕೋರಿ. ಅಂವ ಒಳಗ ಬಿಟ್ಟು ಹೋಗ್ತಾನ, ನಾವು ಹಿಂದಿನ ಬಾಗಲಿಂದ ಹೊರಗ ಬಂದು ವಾಕಡಕ್ಕ ಹೋಗೂಣು. ಮತ್ತ ಆ ಹೋಳಿಗಿ ಮ್ಯಾಲಿಂದ ತಲಿ ತಗೀರಿ."

ಆದರೆ ಆಸ್ಪತ್ರೆಯೊಂದಕ್ಕೆ ಒಳಗೆ ಹೋಗುವಷ್ಟು ಸುಲಭವಾಗಿ ಹೊರಗೆ ಬರಲಾಗುವುದಿಲ್ಲ. ಅವರನ್ನು ತಳ್ಳುಗಾಡಿಯ ಮೇಲೆ ಒಯ್ದರು. ಎಳೆ ವಯಸ್ಸಿನ ಡಾಕ್ಟರಮ್ಮ ತೋಳಿಗೆ ಪಟ್ಟಿ ಕಟ್ಟಿ, ಊದಿ, ನೋಡಿದಳು. ಮತ್ತೊಮ್ಮೆ ಊದಿದಳು. ಆಕೆಯ ಮುಖದ ನಗೆ ಹೋಯಿತು. ಇನ್ನೊಂದು ತೋಳಿಗೆ ಕಟ್ಟಿದಳು.

ಮೇಲಿನದು ನೂರಾತೊಂಬತ್ತು, ಕೆಳಗಿನದು ನೂರಾಹದಿನೈದು.

ಎಷ್ಟು ದಿನದಿಂದ ತಲೆನೋವು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ, ಕಣ್ಣು ಮಂಜಾಗುತ್ತದೆಯೇ ಎಂದು ಆಕೆ ಕೇಳಿದಳು. ಹೊಳಬಸಪ್ಪನವರು ಎಲ್ಲಕ್ಕೂ ಹೂಂ ಎಂದರು. ಇದೆಲ್ಲ ವಯಸ್ಸಿನ ಸಹಜ ಲಕ್ಷಣ ಎಂದುಕೊಂಡಿದ್ದರು ಅವರು. ಹೆಂಡತಿಗೆ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಕೂಡ.

ಪ್ರೇಮಾವತಿ ಗೋಡೆಗೆ ಒರಗಿ ನಿಂತಿದ್ದಳು. ಗಡಿಯಾರ ಹನ್ನೊಂದೂವರೆ ದಾಟಿದ್ದು ಆಕೆಗೆ ಕಾಣಲಿಲ್ಲ. ಎದೆಗೆ ವಾಯರು ಹಚ್ಚಿಸಿಕೊಂಡು ಮಲಗಿದ ಗಂಡನ ಪಕ್ಕ ಬಂದು ಕೂತು ಕೈ ಹಿಡಿದಳು. ಕಿಟಕಿಯ ಹೊರಗೆ ಅವರ ಕಾರು ಮಳೆಯಲ್ಲಿ ನಿಂತು ಮಿನುಗುತ್ತಲೇ ಇತ್ತು. ಮೂರು ಗಂಟೆಯ ಹೊತ್ತಿಗೆ ಬ್ಯಾಟರಿ ಮುಗಿದು ತಾನಾಗಿ ಆರಿತು. ಹೊಳಬಸಪ್ಪನವರಿಗೆ ಅದನ್ನು ನೋಡಿ ತಮ್ಮ ಕಥೆಯೂ ಇಷ್ಟೇ ಎನ್ನಿಸಿತು.

"ಪ್ರೇಮಾ," ಎಂದರು ಕ್ಷೀಣ ದನಿಯಲ್ಲಿ, "ಬುತ್ತಿ ಮುಟ್ಟಲಿಲ್ಲ. ನಾಳೆ ಭಂಗಾರದವ ಬರ್ಲಿ. ನಾ ಏನೂ ಅನ್ನೂದಿಲ್ಲ."

"ಬುತ್ತಿಗೆ ಬೆಂಕಿ ಹತ್ತಲಿ," ಎಂದಳು ಆಕೆ, ಮತ್ತು ಅತ್ತಳು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹೇಳಿದಳು, "ಆ ದೀಪ ಹತ್ತಿರಲಿಲ್ಲಂದ್ರ ನಿಮ್ಮ ಈ ಬಿ.ಪಿ. ಯಾರಿಗೆ ಗೊತ್ತಾಗತಿತ್ತು? ಹಂಗ ಗಾಡಿ ಹೊಡಕೋತ ಒಂದಿನ ಹೋಗೇ ಬಿಡ್ತಿದ್ರಿ. ಆ ಗಾಡಿ ನನಗ ದೇವರು ಇದ್ದಂಗ. ಯಾವ ಭಂಗಾರದವ ಮುಟ್ಟತಾನ ನೋಡ್ತೀನಿ."

ಹೊಳಬಸಪ್ಪನವರ ಕಣ್ಣಲ್ಲೂ ನೀರು ಬಂತು. ಕಾರು ಉಳಿಯಿತು! ಬಿ.ಪಿ. ಇದ್ದರೇನು, ಇಲ್ಲದಿದ್ದರೇನು. ಸಂಜೆ ಇಂದೂ ಮಗಳನ್ನು ಕರೆದುಕೊಂಡು ಆಸ್ಪತ್ರೆಗೇ ಬಂದಳು. ಹಸಿರು ಬಳೆ ತೊಟ್ಟ ಶೀತಲ್ ಮಂಚದ ಪಕ್ಕ ಕೂತು, ಚಪ್ಪಟೆಯಾದ ಹೋಳಿಗೆಯನ್ನು ತುಪ್ಪವಿಲ್ಲದೆ ತಿಂದು, "ಭಾಳ ಚಲೋ ಆಗ್ಯಾವ ದೊಡ್ಡವ್ವ," ಎಂದಳು. ಎಲ್ಲವೂ ಸುಖಾಂತವಾಗುವ ಲಕ್ಷಣವಿತ್ತು. ಅಷ್ಟರಲ್ಲಿ ಡಾಕ್ಟರಮ್ಮ ಚೀಟಿ ಬರೆದುಕೊಟ್ಟಳು: ಉಪ್ಪು ಬಂದ್, ಎಣ್ಣೆ ಬಂದ್, ಎರಡು ಹೊತ್ತು ಗುಳಿಗೆ. ಗಾಡಿ ನಡೆಸುವುದು ಪೂರ್ಣ ಬಂದ್.

"ಎಷ್ಟು ದಿನ?" ಎಂದು ಹೊಳಬಸಪ್ಪನವರು ಕೇಳಿದರು.

ಆರು ತಿಂಗಳು, ಆಮೇಲೆ ನೋಡೋಣ, ಎಂದಳು ಆಕೆ. ನೋಡೋಣ ಎಂಬ ಮಾತಿನ ಅರ್ಥ ಕಚೇರಿಯಲ್ಲಿ ಏನೆಂದು ಮೂವತ್ತೊಂದು ವರ್ಷದ ಗುಮಾಸ್ತರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಮತ್ತ ಗಾಡಿ ನಿಂತು ತುಕ್ಕು ಹಿಡಿತದಲ್ಲ ಪ್ರೇಮಾ..."

"ಯಾಕ ಹಿಡೀತದ? ನಾ ಕಲೀತೀನಿ."

ಶುಕ್ರವಾರ ಗಂಡನನ್ನೂ ಬ್ಯಾಟರಿ ಸತ್ತ ಗಾಡಿಯನ್ನೂ ಮನೆಗೆ ತಂದು, ಆಕೆಯೇ ಹೋಗಿ ಢಮಾಲೆಯನ್ನು ಕರೆತಂದಳು. ಅವನು ಸ್ವಿಚ್ಚನ್ನು ಬಿಚ್ಚಿ, ಮೂಸಿ, ಹೊಳಬಸಪ್ಪನವರನ್ನು ಒಮ್ಮೆ ನೋಡಿ, ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಸ್ಪ್ರೇ ಹೊಡೆದ. ಹತ್ತು ನಿಮಿಷದ ಕೆಲಸ. ಎರಡು ತಿಂಗಳಲ್ಲಿ ಪ್ರೇಮಾವತಿಗೆ ಲೈಸೆನ್ಸ್ ಬಂತು. ಕಲಿಸಿದ ಮಾಸ್ತರು ಇಂಥ ಶಿಷ್ಯೆಯನ್ನು ಕಂಡಿಲ್ಲ ಎಂದರಂತೆ. (ಹೊಳಬಸಪ್ಪನವರು ಲೈಸೆನ್ಸ್ ಪಡೆಯುವಾಗ ಮೂರು ಸಲ ಫೇಲಾಗಿದ್ದು ಈ ಮನೆಯಲ್ಲಿ ಚರ್ಚೆಯ ವಿಷಯವಲ್ಲ.)

ಲೈಸೆನ್ಸ್ ಬಂದ ಮೊದಲ ಸೋಮವಾರ ಆಕೆ ಅವರನ್ನು ಕಚೇರಿಗೆ ಬಿಡಲು ಹೊರಟಳು. ದಾರಿಯುದ್ದಕ್ಕೂ ಹೊಳಬಸಪ್ಪನವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಚೇರಿಯ ಗೇಟಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದ ಇಡೀ ಸಿಬ್ಬಂದಿ ಕಪ್ಪು ಕೆಳಗಿಳಿಸಿ ನೋಡಿತು. ಅವರು ಎಡಬಾಗಿಲಿನಿಂದ, ಬ್ಯಾಗು ಎದೆಗವಚಿಕೊಂಡು ಇಳಿದರು. ಪ್ರೇಮಾವತಿ ಗಾಜು ಇಳಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಾ ಇಂದೂನ ಮನಿಗೆ ಹೊಂಟೀನಿ. ಐದೂವರಿಗೆ ಬರ್ತೀನಿ. ಗೇಟಿನಾಗ ನಿಂತಿರ್ರಿ, ಎಲ್ಲೂ ಹೋಗಬ್ಯಾಡ್ರಿ. ಗುಳಿಗಿ ಡಬ್ಬಿಯಾಗ ಅದ."

ಕಾರು ಬಲಕ್ಕೆ ದೀಪ ಹಾಕಿ, ಬಲಕ್ಕೆ ತಿರುಗಿ, ವಾಕಡದ ಕಡೆ ಹೊರಟುಹೋಯಿತು. ಆ ಗೇಟಿನಲ್ಲಿ ಹೊಳಬಸಪ್ಪನವರು ಎಂದೂ ಅಷ್ಟು ನಾಜೂಕಾಗಿ ತಿರುಗಿಸಿರಲಿಲ್ಲ.

ಸಂಜೆ ಐದೂವರೆಗೆ ಆಕೆ ಬರಲಿಲ್ಲ. ಆರಕ್ಕೂ ಬರಲಿಲ್ಲ. ಸಿಬ್ಬಂದಿಯೆಲ್ಲ ಒಬ್ಬೊಬ್ಬರಾಗಿ ಹೋಗುತ್ತ, ಯಾಕೆ ಇನ್ನೂ ನಿಂತಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದರು. ಮಳೆ ಹನಿಯತೊಡಗಿತ್ತು. ಎದುರಿಗೇ ಕಾತ್ರಜಕ್ಕೆ ಹೋಗುವ ಬಸ್ಸು, ಒಂದಲ್ಲ ಮೂರು, ಖಾಲಿಯಾಗಿ ಬಂದು ನಿಂತು ಹೋದವು. ಹೊಳಬಸಪ್ಪನವರು ಹತ್ತಲಿಲ್ಲ. ಎಲ್ಲೂ ಹೋಗಬ್ಯಾಡ್ರಿ ಎಂದು ಹೇಳಿ ಹೋಗಿದ್ದಳಲ್ಲ.